ಹನ್ನೆರಡು ಮಂದಿಯ ಬ್ಯಾಂಡು, ನಮ್ಮ ಕರೋಕೆ

ರಾಜ್ಯೋತ್ಸವ ಬಂತೆಂದರೆ ಹೊರನಾಡಿನ ಕನ್ನಡ ಸಂಘಗಳು ಒಂದು ಕಾಲಕ್ಕೆ ಆರ್ಕೆಸ್ಟ್ರಾ ಕರೆಸುತ್ತಿದ್ದವು. ಈಗ ಹಲವೆಡೆ ಲ್ಯಾಪ್‌ಟಾಪ್‌ನಲ್ಲಿ ಕರೋಕೆ ಟ್ರ್ಯಾಕ್ ಹಾಕಿ ಹಾಡು ಮುಗಿಸುತ್ತಾರೆ. ಖರ್ಚಿನ ಲೆಕ್ಕ ಸರಿಯೇ. ಈಗಂತೂ ನಾಲ್ಕು ಸಾಲು ಬರೆದುಕೊಟ್ಟರೆ ಎಐ ಇಡೀ ಹಾಡನ್ನೇ ಹೊಸೆದುಕೊಡುತ್ತದೆ. ಹಾಗಾದರೆ ಪಕ್ಕವಾದ್ಯದವರು ಯಾಕೆ ಬೇಕು?

ಅಮೆರಿಕದ ಟೆಡೆಸ್ಕಿ ಟ್ರಕ್ಸ್ ಬ್ಯಾಂಡ್ ಇದಕ್ಕೊಂದು ಉತ್ತರ. ಗಾಯಕಿ ಸೂಸನ್ ಟೆಡೆಸ್ಕಿ ಮತ್ತು ಪತಿ, ಗಿಟಾರ್ ವಾದಕ ಡೆರೆಕ್ ಟ್ರಕ್ಸ್ ತಮ್ಮ ತಮ್ಮ ತಂಡಗಳನ್ನು ಬಿಟ್ಟು 2010ರಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಇದನ್ನು ಕಟ್ಟಿದರು. ಇಬ್ಬರು ಡ್ರಮ್ಮರ್‌ಗಳು, ಊದುವ ವಾದ್ಯದವರು ಮೂವರು, ಜೊತೆಗೆ ಹಾಡುವವರು ಮೂವರು, ಕೀಬೋರ್ಡ್, ಬಾಸ್, ಈ ದಂಪತಿ: ಒಟ್ಟು 12 ಮಂದಿ. ಬಸ್ಸು, ಹೋಟೆಲ್, ಸಂಬಳದ ಲೆಕ್ಕ ಹಾಕಿದರೆ ಯಾವ ಮ್ಯಾನೇಜರನೂ ಒಪ್ಪದ ಸಂಖ್ಯೆ.

ಆದರೆ ಅವರ ನಾದವೇ ಆ ಸಂಖ್ಯೆಯಿಂದ ಹುಟ್ಟಿದ್ದು. ಬ್ಲೂಸ್‌ನ ಅಳಲು ಸೂಸನ್ ಕಂಠದಲ್ಲಿದೆ, ಸೋಲ್‌ನ ತುಂಬುದನಿ ಸಹಗಾಯಕರಲ್ಲಿ ಮತ್ತು ಊದುವವರಲ್ಲಿ. ಡೆರೆಕ್ ಬೆರಳಿಗೆ ಗಾಜಿನ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನ್ ಕಟ್ಟಿದ ಸಂಗೀತ ಶಾಲೆಯಲ್ಲೂ ಕಲಿತವರು ಅವರು. ಆ ಜಾರುವ ಸ್ವರ ನಮ್ಮ ಕಿವಿಗೆ ಗಮಕದಂತೆ ಕೇಳುವುದು ಬರಿ ಭ್ರಮೆಯಲ್ಲ.

ಮೊದಲ ಆಲ್ಬಂ 'ರೆವಿಲೇಟರ್' (2011) ಗ್ರ್ಯಾಮಿ ಗೆದ್ದಿತು. 2019ರಲ್ಲಿ 'ಸೈನ್ಸ್' ಬಿಡುಗಡೆಯಾದ ದಿನವೇ ಕೀಬೋರ್ಡ್ ಮತ್ತು ಕೊಳಲು ನುಡಿಸುತ್ತಿದ್ದ ಕೋಫಿ ಬರ್ಬ್ರಿಜ್ ತೀರಿಕೊಂಡರು. ಮರುವರ್ಷ ಕೋವಿಡ್ ವೇದಿಕೆಗಳನ್ನೇ ಮುಚ್ಚಿತು. ಆದರೂ ತಂಡ ಕಿರಿದಾಗಲಿಲ್ಲ. ಆ ಬಿಡುವಿನಲ್ಲೇ ನಿಜಾಮಿಯ ಲೈಲಾ-ಮಜ್ನೂ ಕಾವ್ಯವನ್ನು ಓದಿ, ಹಲವರು ಸೇರಿ ಬರೆದು, 2022ರಲ್ಲಿ ನಾಲ್ಕು ಆಲ್ಬಂಗಳಲ್ಲಿ 24 ಹಾಡುಗಳ 'ಐ ಆಮ್ ದ ಮೂನ್' ತಂದರು.

ಸ್ಟ್ರೀಮಿಂಗ್‌ನಿಂದ ಇಷ್ಟು ಮಂದಿಯ ಹೊಟ್ಟೆ ತುಂಬುವುದು ಕಷ್ಟ. ಇವರನ್ನು ಸಾಕುತ್ತಿರುವುದು ವೇದಿಕೆ. ಹಾಡುಗಳ ಪಟ್ಟಿ ರಾತ್ರಿಯಿಂದ ರಾತ್ರಿಗೆ ಬದಲಾಗುತ್ತದೆ, ಅದೇ ಹಾಡು ಮತ್ತೆ ಬಂದರೂ ನಡುವಿನ ವಾದನ ಬೇರೆಯಾಗಿರುತ್ತದೆ. ಅದಕ್ಕೇ ನ್ಯೂಯಾರ್ಕಿನ ಬೀಕನ್ ಥಿಯೇಟರ್‌ನಲ್ಲಿ ಸಾಲುಸಾಲು ರಾತ್ರಿ ಕಛೇರಿ ನಡೆಸಿದರೂ ಜನ ಬರುತ್ತಾರೆ.

ಸಾಫ್ಟ್‌ವೇರ್‌ನವನಾಗಿ ಎಐ ಬೇಡವೆನ್ನಲಾರೆ. ಆದರೆ ಗಾಯಕಿ ಒಂದು ಕ್ಷಣ ತಡೆದರೆ ಟ್ರ್ಯಾಕ್ ಕಾಯುವುದಿಲ್ಲ, ತಬಲಾದವನು ಕಾಯುತ್ತಾನೆ. ಈ ನವೆಂಬರಿನಲ್ಲಿ ನಮ್ಮ ಸಂಘಗಳು ಊಟದ ಒಂದು ಸಿಹಿ ಕಡಿಮೆ ಮಾಡಿ ಇಬ್ಬರು ವಾದ್ಯದವರನ್ನು ಕರೆಸಲಿ. ಹನ್ನೆರಡು ಮಂದಿ ಬೇಡ, ಇಬ್ಬರು ಸಾಕು.