ಬದಲಾವಣೆ ಹುಟ್ಟಬೇಕಾದ ಜಾಗ

ಗಳಿಕೆಯನ್ನು ಸದಸ್ಯರೊಳಗೆ ಹಂಚಿಕೊಳ್ಳದೆ ಸಾರ್ವಜನಿಕ ಹಿತಕ್ಕೇ ವಿನಿಯೋಗಿಸುವ ಸಂಘ, ಟ್ರಸ್ಟ್ ಮತ್ತು ಕಂಪನಿಗಳನ್ನು ಸ್ವಯಂಸೇವಾ ಸಂಸ್ಥೆಗಳೆಂದು ಕರೆಯುವುದು ರೂಢಿ. ಬೆರಳೆಣಿಕೆಯ ಜನರಿಂದ ಶುರುವಾದ ಇಂತಹ ಸಂಸ್ಥೆ ಬೆಳೆದು, ಜಿಲ್ಲಾ ಕಚೇರಿ, ಹುದ್ದೆಗಳ ಶ್ರೇಣಿ, ತಿಂಗಳ ಗುರಿ, ವರದಿಯ ನಮೂನೆ ಇವೆಲ್ಲ ಬಂದಾಗ, ಹಳ್ಳಿಯಲ್ಲಿ ಕೂತು ಜನರೊಂದಿಗೆ ತೀರ್ಮಾನ ಮಾಡುತ್ತಿದ್ದ ಕಾರ್ಯಕರ್ತನು ಕೇಂದ್ರ ಕಚೇರಿಯ ತೀರ್ಮಾನವನ್ನು ಹಳ್ಳಿಗೆ ತಲುಪಿಸುವವನಾಗಿ ಮಾರ್ಪಡುವ ಅಪಾಯವಿರುತ್ತದೆ. ಬೆಳೆಯುವ ಸಂಸ್ಥೆಗೆ ಆಂತರಿಕ ಬದಲಾವಣೆ ಅನಿವಾರ್ಯವೇ ಆದರೂ, ಅದು ಕಾರ್ಯಕ್ಷೇತ್ರದ ಅನುಭವದಿಂದ ಹುಟ್ಟಿತೋ ಹಣ ಕೊಡುವವರ ಷರತ್ತಿನಿಂದ ಹುಟ್ಟಿತೋ ಎಂಬುದರ ಮೇಲೆ ಸಂಸ್ಥೆಯ ಮುಂದಿನ ಗತಿ ನಿಂತಿರುತ್ತದೆ.

ಕಾರ್ಯಕ್ಷೇತ್ರದ ಅನುಭವದಿಂದ ಹುಟ್ಟಿದ ಬದಲಾವಣೆಗೆ ಕರ್ನಾಟಕದಲ್ಲಿಯೇ ಒಳ್ಳೆಯ ನಿದರ್ಶನವಿದೆ. ಟಿಬೆಟಿನ ನಿರಾಶ್ರಿತರಿಗೆ ಪುನರ್ವಸತಿ ಕಲ್ಪಿಸುವುದಕ್ಕಾಗಿ 1968ರಲ್ಲಿ ಸ್ಥಾಪನೆಯಾದ ಮೈರಾಡ ಸಂಸ್ಥೆಯು, ಆ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಗ್ರಾಮೀಣ ಬಡವರತ್ತ ತಿರುಗಿತು. 1980ರ ದಶಕದ ನಡುವೆ, ಅದು ಬೆಂಬಲಿಸುತ್ತಿದ್ದ ದೊಡ್ಡ ಸಹಕಾರ ಸಂಘಗಳಲ್ಲಿ ಕೆಲವು, ನಾಯಕತ್ವದ ಮೇಲಿನ ವಿಶ್ವಾಸ ಕುಸಿದು ಒಡೆದಾಗ, ಸದಸ್ಯರು ಸಣ್ಣ ಗುಂಪುಗಳಾಗಿ ಬಂದು, ಸಾಲವನ್ನು ಸಹಕಾರ ಸಂಘಕ್ಕೆ ಕಟ್ಟುವುದಿಲ್ಲ, ಬೇಕಾದರೆ ಮೈರಾಡಕ್ಕೇ ಕಟ್ಟುತ್ತೇವೆ ಎಂದರು. ಸಂಸ್ಥೆಯು ಆ ಹಣವನ್ನು ತಾನು ಪಡೆಯದೆ ಗುಂಪಿನಲ್ಲಿಯೇ ಇಟ್ಟುಕೊಂಡು ಪರಸ್ಪರ ಸಾಲ ಕೊಟ್ಟುಕೊಳ್ಳುವಂತೆ ಅವರನ್ನು ಪ್ರೋತ್ಸಾಹಿಸಿತು. ಪರಸ್ಪರ ನಂಬಿಕೆಯುಳ್ಳ ಕೆಲವೇ ಜನರು ಕೂಡಿ ಉಳಿತಾಯ ಮಾಡುವ, ಆ ಉಳಿತಾಯದಿಂದ ತಮ್ಮೊಳಗೆ ಸಾಲ ಕೊಡುವ ಸ್ವಸಹಾಯ ಸಂಘದ ಪದ್ಧತಿ ಬೆಳೆದದ್ದು ಇಂತಹ ಗುಂಪುಗಳಿಂದ. 1987ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕು (ನಬಾರ್ಡ್) ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿಗಳ ನೆರವು ನೀಡಿತು. 1992ರಲ್ಲಿ ನಬಾರ್ಡೇ ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ರಾಷ್ಟ್ರಮಟ್ಟದ ಯೋಜನೆಯನ್ನು ಆರಂಭಿಸಿತು.

ಈ ಬೆಳವಣಿಗೆಯು ಸಿಬ್ಬಂದಿಯ ಕೆಲಸವನ್ನೂ ಬದಲಿಸಿತು. ಸೌಲಭ್ಯ ಹಂಚುವುದಕ್ಕಿಂತ, ಸಭೆ ನಡೆಸುವುದನ್ನು, ಲೆಕ್ಕ ಬರೆಯುವುದನ್ನು, ಜಗಳ ಬಗೆಹರಿಸಿಕೊಳ್ಳುವುದನ್ನು ಗುಂಪುಗಳಿಗೆ ಕಲಿಸುವುದೇ ಮುಖ್ಯವಾಯಿತು. ತನ್ನ ಅಗತ್ಯವನ್ನು ತಾನೇ ಕಡಿಮೆ ಮಾಡಿಕೊಳ್ಳುವ ಈ ಕೆಲಸ ಕಷ್ಟದ್ದೇ ಆದರೂ, ಬದಲಾವಣೆಯ ಕಾರಣ ಜನರ ನಡೆಯಲ್ಲಿಯೇ ಇದ್ದುದರಿಂದ ಅದರ ಅರ್ಥ ಕಾರ್ಯಕರ್ತನ ಕಣ್ಣೆದುರಿಗೇ ಇತ್ತು.

ಇಂದಿನ ಬದಲಾವಣೆಗಳಲ್ಲಿ ಹಲವು ಬೇರೆ ಮೂಲದವು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ನಿಗದಿತ ಗಾತ್ರವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕಾರ್ಯಗಳಿಗೆ ವೆಚ್ಚ ಮಾಡಬೇಕು. ಈ ಹಣದಿಂದ ಅನೇಕ ಸಂಸ್ಥೆಗಳು ಬೆಳೆದಿರುವುದು ನಿಜವಾದರೂ, ಅದು ಬಹುಪಾಲು ಅಲ್ಪಾವಧಿಯ ಯೋಜನೆಗಳ ರೂಪದಲ್ಲಿ ಬರುವುದರಿಂದ, ಯೋಜನೆ ಮುಗಿದೊಡನೆ ಕಾರ್ಯಕರ್ತನ ನೌಕರಿಯೂ ಮುಗಿಯುವ ಭಯವಿರುತ್ತದೆ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿಯು ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತಲ್ಲದೆ, ಪಡೆದ ವಂತಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನೂ ನಿಷೇಧಿಸಿತು. ಹಣದ ದುರ್ಬಳಕೆಯನ್ನು ತಡೆಯುವುದು ನ್ಯಾಯವೇ. ಆದರೆ ಲೆಕ್ಕಿಗ, ತರಬೇತುದಾರ, ಮೇಲ್ವಿಚಾರಕರಿಲ್ಲದೆ ಯಾವ ಸೇವೆಯೂ ಬಾಳುವುದಿಲ್ಲವಾದ್ದರಿಂದ, ಅವರ ವೇತನವನ್ನು ಪೋಲು ಎಂಬಂತೆ ಕಾಣುವ ದೃಷ್ಟಿ ಸೇವೆಯ ಬೇರನ್ನೇ ಕತ್ತರಿಸುತ್ತದೆ.

ಆದ್ದರಿಂದ ಹುದ್ದೆಗಳನ್ನೂ ಕಾರ್ಯಕ್ರಮಗಳನ್ನೂ ಪುನರ್ರಚಿಸಲು ಹೊರಟ ಆಡಳಿತ ಮಂಡಳಿಯು ಹೊಸ ನಕ್ಷೆ ಬರೆಯುವ ಮೊದಲೇ ಕ್ಷೇತ್ರ ಕಾರ್ಯಕರ್ತರೊಂದಿಗೆ ಕೂರಬೇಕು, ಯಾರ ಹುದ್ದೆ ಏಕೆ ಬದಲಾಗುತ್ತದೆ ಎಂಬುದನ್ನು ಬರಹದಲ್ಲಿ ತಿಳಿಸಬೇಕು, ಹಳಬರ ಅನುಭವವನ್ನು ಹೊಸಬರಿಗೆ ದಾಟಿಸಲು ಕಾಲಾವಕಾಶ ಕೊಡಬೇಕು. ದಾನಿಗಳು ಯೋಜನೆಗಷ್ಟೇ ಅಲ್ಲ, ಅದನ್ನು ನಡೆಸುವ ಜನರಿಗೂ ಹಣ ಕೊಡಬೇಕು. ಅಂದು ಸಾಲ ಮರಳಿಸಲು ಬಂದ ಗುಂಪುಗಳನ್ನು ಮೈರಾಡವು ನಿಯಮ ತೋರಿಸಿ ಸಹಕಾರ ಸಂಘಕ್ಕೇ ಕಳುಹಿಸಿದ್ದರೆ ಲೆಕ್ಕದ ಮಟ್ಟಿಗೆ ತಪ್ಪೇನೂ ಇರುತ್ತಿರಲಿಲ್ಲ. ಆದರೆ ಆ ಹೊಸ ದಾರಿ ಅಲ್ಲಿಯೇ ಮುಚ್ಚಿಹೋಗುತ್ತಿತ್ತು. ಜನರ ಮಾತನ್ನು ಮೊದಲು ಕೇಳಿಸಿಕೊಳ್ಳುವವನು ಕಾರ್ಯಕರ್ತ. ಅವನ ಮಾತನ್ನು ಕೇಳಿಸಿಕೊಳ್ಳುವ ವ್ಯವಸ್ಥೆಯನ್ನು ಉಳಿಸಿಕೊಂಡ ಸಂಸ್ಥೆ ಎಷ್ಟು ಬೆಳೆದರೂ ದಾರಿ ತಪ್ಪುವುದಿಲ್ಲ.