ಗೃಹಿಣಿಗೊಂದು ಕಿವಿಮಾತು: ಬಿಳಿಗಾರ ಕೂಸಿನ ಬಾಯಿಗೆ ಬೇಡ



ಕೂಸಿನ ನಾಲಿಗೆ ಮೇಲೆ ಬೆಳ್ಳಗೆ ಕೆನೆಯಂತೆ ಕಟ್ಟಿತೆಂದರೆ ಸಾಕು, "ಬಿಳಿಗಾರ ಹುರಿದು ಜೇನಿನಲ್ಲಿ ಕಲಸಿ ಸವರಮ್ಮ" ಅನ್ನುವ ಹಿರಿಯರು ಈಗಲೂ ಇದ್ದಾರೆ. ಅವರ ಅಕ್ಕರೆ ದೊಡ್ಡದು. ಆದರೆ ಈ ಮದ್ದೊಂದನ್ನು ಬಿಟ್ಟುಬಿಡೋಣ.

ಬಿಳಿಗಾರ ಅಂದರೆ ಬೋರಾಕ್ಸ್, ಬೋರಾನ್ ಸೇರಿದ ಸೋಡಿಯಂ ಲವಣ. ಲಡಾಖಿನ ಪೂಗಾ ಕಣಿವೆಯಲ್ಲಿ ಬಿಸಿನೀರಿನ ಬುಗ್ಗೆಗಳ ಬಳಿ ತಾನಾಗಿಯೇ ಸಿಕ್ಕುತ್ತದೆ. ಕಾವಲಿಯ ಮೇಲೆ ಹಾಕಿದರೆ ಒಳಗಿನ ನೀರು ಹೋಗಿ ಅರಳಿನ ಹಾಗೆ ಉಬ್ಬುತ್ತೆ. ಜೋರು ಬೆಂಕಿಯಲ್ಲಿ ಕರಗಿ ಗಾಜಿನಂತಾಗುತ್ತೆ. ಆಗ ಲೋಹದ ಮೇಲಿನ ಕಿಟ್ಟ ಬಿಡಿಸುವುದರಿಂದ ಅಕ್ಕಸಾಲಿಗರಿಗೆ ಬೆಸುಗೆಗೆ ಇದು ಬೇಕೇ ಬೇಕು.

ಮನೆಯಲ್ಲೂ ಉಪಯೋಗವುಂಟು. ಗಡಸು ನೀರಿನಲ್ಲಿ ಬಟ್ಟೆ ನೆನೆಹಾಕುವಾಗ 1 ಚಮಚ ಬಿಸಿನೀರಿನಲ್ಲಿ ಕರಗಿಸಿ ಬೆರೆಸಿದರೆ ಸೋಪು ಚೆನ್ನಾಗಿ ನೊರೆ ಬರುತ್ತೆ. ಗಂಜಿಗೆ ಚಿಟಿಕೆ ಹಾಕಿದರೆ ಇಸ್ತ್ರಿ ಮಾಡಿದ ಸೀರೆಗೆ ಹೊಳಪು.

ಹೊಟ್ಟೆಗೆ ಹೋದರೆ ಮಾತ್ರ ವಿಷ. ವಾಂತಿ, ಭೇದಿ, ಮೈಮೇಲೆ ಕೆಂಪು ದದ್ದು, ಹೆಚ್ಚಾದರೆ ಫಿಟ್ಸ್. ಮೈಯಿಂದ ಇದು ಹೊರಹೋಗಬೇಕಾದ್ದು ಮೂತ್ರದಲ್ಲಿ. ಎಳೆಕೂಸಿಗೆ ದಿನಾ ಸವರಿದರೆ ಸ್ವಲ್ಪಸ್ವಲ್ಪವೇ ಒಳಗೆ ಸೇರುತ್ತಾ ಹೋಗುತ್ತೆ. ಜೇನು-ಬೋರಾಕ್ಸ್ ಮಿಶ್ರಣ ಚೀಪಿದ 7 ಶಿಶುಗಳಿಗೆ ಫಿಟ್ಸ್ ಬಂದಿತ್ತೆಂದೂ, ನಿಲ್ಲಿಸಿದ ಮೇಲೆ ಅದು ನಿಂತಿತೆಂದೂ 1983ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ವರ್ಷ ತುಂಬದ ಮಗುವಿಗೆ ಜೇನೂ ಕೂಡದು.

"ನಾವು ತರೋದು ಚೊಕ್ಕ ಬಿಳಿಗಾರ ಕಣ್ರೀ" ಅನ್ನಬಹುದು. ಚೊಕ್ಕ ಅಂದರೆ ಬೇರೇನೂ ಬೆರೆತಿಲ್ಲ ಅಂತ ಅರ್ಥ, ತಿನ್ನಬಹುದು ಅಂತಲ್ಲ. ಹುರಿದರೂ ವಿಷ ಹೋಗುವುದಿಲ್ಲ, ಹೋಗುವುದು ನೀರು ಮಾತ್ರ.

ಇಷ್ಟು ನೆನಪಿಡಿ:

* ಉಪ್ಪು, ಸಕ್ಕರೆ ಡಬ್ಬಿಗಳ ಪಕ್ಕ ಇಡಬೇಡಿ. ಹೆಸರು ಬರೆದು, ಮಕ್ಕಳ ಕೈಗೆಟುಕದ ಕಡೆ ಇಡಿ.
* ಗಾಯವಿರುವ ಕೈಯಲ್ಲಿ ಮುಟ್ಟಬೇಡಿ, ಗಾಯದ ಮೂಲಕವೂ ಒಳಸೇರುತ್ತೆ. ಬಳಸಿದ ಮೇಲೆ ಕೈ ತೊಳೆಯಿರಿ.
* ಮಗು ನುಂಗಿದರೆ ವಾಂತಿ ಮಾಡಿಸಲು ಹೋಗದೆ, ಪೊಟ್ಟಣದ ಸಮೇತ ಕೂಡಲೇ ಆಸ್ಪತ್ರೆಗೆ ಓಡಿ.

ಇನ್ನು ನಾಲಿಗೆಯ ಬಿಳುಪು: ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಹೋಗುವುದು ಬರೀ ಹಾಲು. ಹೋಗದಿದ್ದರೆ ಅದು ಬೂಷ್ಟಿನ ಸೋಂಕಿರಬಹುದು, ಡಾಕ್ಟರಿಗೆ ತೋರಿಸಿ. ಅದಕ್ಕೆ ಒಳ್ಳೆಯ ಔಷಧಿಯಿದೆ. ಬಾಣಂತಿಗೂ ಮೊಲೆತೊಟ್ಟು ಉರಿಯುತ್ತಿದ್ದರೆ ನಾಚಿಕೆಪಡದೆ ಹೇಳಿ, ಇಬ್ಬರಿಗೂ ಚಿಕಿತ್ಸೆ ಬೇಕಾದೀತು. ಅತ್ತೆ ಬೇಸರಪಟ್ಟುಕೊಂಡರೆ ಈ ಪುಟವನ್ನೇ ಓದಿ ಹೇಳಿ. ಮೊಮ್ಮಗುವಿಗಿಂತ ಅವರಿಗೆ ಮದ್ದೇನೂ ಹೆಚ್ಚಲ್ಲ.