ಕಾಗದಪತ್ರದ ಮಾತು: ದಂಡಿನ ದಫ್ತರದಲ್ಲಿ ಮನೆಯಾಕೆಯ ಹೆಸರು

ಈ ಅಂಕಣದಲ್ಲಿ ಮನೆಮಂದಿಯೆಲ್ಲ ತಿಳಿದಿರಬೇಕಾದ ಕಾಗದಪತ್ರಗಳನ್ನು ಕುರಿತು ಬರೆಯುತ್ತ ಬಂದಿದ್ದೇನೆ. ಈ ಸಲ ದಂಡಿನಿಂದ ನಿವೃತ್ತರಾಗಿ ಬಂದವರ ಮಾತನ್ನು ಎತ್ತಿಕೊಂಡಿದ್ದೇನೆ. ಪುಣೆಯಲ್ಲಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಇಂಥವರು ಕಡಿಮೆಯಿಲ್ಲ. ಖಡಕಿಯಲ್ಲೋ ದೇಹೂ ರೋಡಿನಲ್ಲೋ ಕೊನೆಯ ನೌಕರಿ ಮಾಡಿ ಇಲ್ಲಿಯೇ ನೆಲೆ ನಿಂತವರು ಕೆಲವರು. ಊರಿನಲ್ಲಿ ಹೊಲಮನೆಯಿದ್ದರೂ ಮಕ್ಕಳ ನೌಕರಿಗಾಗಿ ಬಂದು ಸೇರಿದವರು ಕೆಲವರು. ಇವರ ಮನೆಗಳಲ್ಲಿ ಪದಕಗಳಿಗೆ ಗಾಜಿನ ಪೆಟ್ಟಿಗೆಯಿರುತ್ತದೆ. ಕಾಗದಗಳು ಮಾತ್ರ ಹಳೆಯ ಟ್ರಂಕಿನ ತಳದಲ್ಲಿರುತ್ತವೆ.

ಸಿಪಾಯಿಯು ದಂಡು ಬಿಟ್ಟು ಬರುವಾಗ ಅವನ ಕೈಸೇರುವ ಮುಖ್ಯ ಕಾಗದಗಳು ಎರಡು. ಮೊದಲನೆಯದು ಡಿಸ್ಚಾರ್ಜ್ ಪುಸ್ತಕ. ಎರಡನೆಯದು ಪಿಂಚಣಿ ಪಾವತಿ ಆದೇಶ, ಅಂದರೆ ಎಲ್ಲರ ಬಾಯಲ್ಲಿರುವ ಪಿ.ಪಿ.ಓ. ಎಷ್ಟು ವರ್ಷ ಸೇವೆಯಾಯಿತು, ಯಾವ ಪದವಿಯಲ್ಲಿ ನಿವೃತ್ತಿ, ಹುಟ್ಟಿದ ದಿನ ಯಾವುದು, ಹೆಂಡತಿ ಯಾರು, ಮಕ್ಕಳು ಯಾರು ಎಂಬುದೆಲ್ಲ ಈ ಕಾಗದಗಳಲ್ಲಿ ಇರತಕ್ಕದ್ದು. ತಿಂಗಳು ತಿಂಗಳು ಹಣ ಬ್ಯಾಂಕಿಗೆ ಬಂದು ಬೀಳುತ್ತಿರುವವರೆಗೆ ಇವನ್ನು ಓದಿ ನೋಡುವ ಗೊಡವೆಗೆ ಯಾರೂ ಹೋಗುವುದಿಲ್ಲ. ತಪ್ಪೊಂದು ಅಲ್ಲಿ ನುಸುಳಿದ್ದರೆ ಅದು ಮೂವತ್ತು ವರ್ಷ ಸದ್ದಿಲ್ಲದೆ ಕುಳಿತಿರಬಲ್ಲದು.

ತಪ್ಪು ಹೇಗೆ ನುಸುಳುತ್ತದೆಂಬುದನ್ನು ನಾವು ಕನ್ನಡದವರು ವಿಶೇಷವಾಗಿ ತಿಳಿದಿರಬೇಕು. ನಮ್ಮಲ್ಲಿ ಊರ ಹೆಸರು, ತಂದೆಯ ಹೆಸರು ಮುಂದೆ ಬಂದು, ಸ್ವಂತ ಹೆಸರು ಕೊನೆಗೆ ನಿಲ್ಲುವುದು ಅನೇಕ ಕಡೆ ರೂಢಿ. ದಂಡಿನಲ್ಲಿ ಮೊದಲಕ್ಷರಗಳನ್ನು ಬಿಡಿಸಿ ಬರೆಸುವಾಗ ಊರಿನ ಹೆಸರೇ ಮನುಷ್ಯನ ಹೆಸರಾಗಿ ಕುಳಿತುಬಿಡುವುದುಂಟು. ಪಂಜಾಬಿನ ಕಡೆಯ ಕಾರಕೂನನೊಬ್ಬನು ‘ರುದ್ರಪ್ಪ’ ಎಂಬುದನ್ನು ಕಿವಿಗೆ ಬಿದ್ದಂತೆ ಎರಡು ತುಂಡು ಮಾಡಿ ಬರೆದಿದ್ದರೆ ಅವನನ್ನು ದೂರಿ ಫಲವಿಲ್ಲ. ಅವನ ಊರಿನ ಹೆಸರನ್ನು ನಾವು ಬರೆದರೂ ಹಾಗೆಯೇ ಆದೀತು.

ಹೆಣ್ಣುಮಕ್ಕಳ ಹೆಸರಿನ ಗೊಂದಲ ಇದಕ್ಕಿಂತ ದೊಡ್ಡದು. ತವರಿನಲ್ಲಿ ನೀಲವ್ವ. ಮದುವೆಯ ದಿನ ಹರಿವಾಣದ ಅಕ್ಕಿಯಲ್ಲಿ ಬರೆದ ಹೆಸರು ಲಕ್ಷ್ಮೀಬಾಯಿ. ಊರಿನ ಪಡಿತರ ಚೀಟಿಯಲ್ಲಿ ಲಕ್ಷ್ಮವ್ವ. ಪುಣೆಗೆ ಬಂದ ಮೇಲೆ ಆಧಾರ್ ಚೀಟಿಯಲ್ಲಿ ಬರಿಯ ಲಕ್ಷ್ಮಿ, ಅದರ ಮುಂದೆ ಗಂಡನ ಹೆಸರು, ಮನೆತನದ ಹೆಸರು. ಮನೆಯವರಿಗೆ ಇವೆಲ್ಲ ಒಬ್ಬಳೇ, ಕಚೇರಿಗೆ ನಾಲ್ವರು. ಕಾರಕೂನಿಕೆಯ ಕೆಲಸದಲ್ಲಿರುವ ನಾನು ಕಚೇರಿಯ ಪಕ್ಷವನ್ನೂ ಒಂದು ಮಾತು ಹೇಳಲೇಬೇಕು. ಹೆಸರು ಹೊಂದದ ಕಾಗದಕ್ಕೆ ರುಜು ಹಾಕಿದ ಕಾರಕೂನ, ನಾಳೆ ಇನ್ನೊಬ್ಬಳು ಬಂದು ‘ನಾನೇ ಆ ಹೆಂಡತಿ’ ಎಂದಾಗ ಉತ್ತರ ಕೊಡಬೇಕಾಗುತ್ತದೆ.

ದಂಡಿನಲ್ಲಿ ದಾಖಲೆ ಹುಟ್ಟುವ ಕ್ರಮ ಹೀಗಿದೆ. ರಜೆಯ ಮೇಲೆ ಊರಿಗೆ ಹೋದ ಸಿಪಾಯಿ ಮದುವೆ ಮಾಡಿಕೊಂಡು ಹಿಂದಿರುಗಿ, ತನ್ನ ತುಕಡಿಯ ಕಚೇರಿಯಲ್ಲಿ ವರದಿ ಕೊಡುತ್ತಾನೆ. ಕಚೇರಿಯು ಅದನ್ನು ‘ಪಾರ್ಟ್ ಟೂ ಆರ್ಡರ್’ ಎಂಬ ಆಜ್ಞೆಯಾಗಿ ಪ್ರಕಟಿಸಿ, ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಕಳಿಸುತ್ತದೆ. ಮಗು ಹುಟ್ಟಿದರೂ ಇದೇ ಕ್ರಮ. ವರದಿ ಕೊಡಲು ಮರೆತರೆ, ದಂಡಿನ ಲೆಕ್ಕದಲ್ಲಿ ಮದುವೆಯೂ ಆಗಿಲ್ಲ, ಮಗುವೂ ಹುಟ್ಟಿಲ್ಲ. ಗಡಿಯಲ್ಲಿ ಕಾವಲಿದ್ದವನಿಗೆ ಮೂರನೆಯ ಮಗು ಹುಟ್ಟಿದ್ದು ಕಾಗದದ ಮೂಲಕ ತಿಳಿಯುತ್ತಿದ್ದ ದಿನಗಳಲ್ಲಿ ಇಂಥ ಮರೆವು ದೊಡ್ಡ ಮಾತಲ್ಲ.

ನಿವೃತ್ತರಾದ ಮೇಲೂ ಈ ದಾಖಲೆಗಳ ಒಡೆತನ ರೆಕಾರ್ಡ್ ಆಫೀಸಿನದೇ. ಅದು ನಿಮ್ಮ ಜಿಲ್ಲೆಯಲ್ಲಿರುವುದಿಲ್ಲ. ನಿಮ್ಮ ರೆಜಿಮೆಂಟು ಎಲ್ಲಿಯೋ ಅಲ್ಲಿರುತ್ತದೆ. ಮದರಾಸ್ ಸ್ಯಾಪರ್ಸ್ ಎಂದು ಹೆಸರಾದ ಎಂಜಿನಿಯರ್ ದಳದವರಿಗೆ ಬೆಂಗಳೂರು, ಬಾಂಬೆ ಸ್ಯಾಪರ್ಸ್‌ಗೆ ನಮ್ಮ ಖಡಕಿ, ಮರಾಠಾ ಲಘು ಪದಾತಿ ದಳಕ್ಕೆ ಬೆಳಗಾವಿ, ತೋಪಖಾನೆಯವರಿಗೆ ನಾಸಿಕ ರೋಡ್, ಇ.ಎಂ.ಇ.ಯವರಿಗೆ ಸಿಕಂದರಾಬಾದ್, ಸಿಗ್ನಲ್ಸ್‌ನವರಿಗೆ ಜಬಲ್‌ಪುರ. ನೌಕಾಪಡೆಯ ನಾವಿಕರ ದಾಖಲೆ ಮುಂಬಯಿಯ ಮಾನಖುರ್ದಿನಲ್ಲಿದೆ. ವಿಮಾನಪಡೆಯವರದು ದಿಲ್ಲಿಯ ಸುಬ್ರತೋ ಪಾರ್ಕಿನಲ್ಲಿದೆ. ಪಿಂಚಣಿಯ ಹಣ ಕೊಡುವ ಬ್ಯಾಂಕಿಗೆ ಅಲೆದು ಹೆಸರು ತಿದ್ದಿಸಲು ನೋಡುವವರು ವರ್ಷಗಟ್ಟಲೆ ಚಪ್ಪಲಿ ಸವೆಸುವುದಕ್ಕೆ ಕಾರಣ ಇದು. ಬ್ಯಾಂಕಿನವರು ಹೇಳಿದ್ದನ್ನು ಪಾವತಿ ಮಾಡುವವರು. ತಿದ್ದುವ ಅಧಿಕಾರ ಅವರಿಗಿಲ್ಲ.

ಇಷ್ಟೆಲ್ಲ ಹೇಳಿದರೂ ನಿಜವಾದ ತೊಡಕು ಕಚೇರಿಯಲ್ಲಿಲ್ಲ, ಮನೆಯಲ್ಲಿದೆ ಎಂದು ನನಗೆ ತೋರುತ್ತದೆ. ಹೆಂಡತಿಯ ಹೆಸರು ಸರಿಯಾಗಿದೆಯೇ ನೋಡಬೇಕೆಂದರೆ ಕುಟುಂಬ ಪಿಂಚಣಿಯ ಮಾತು ಬರುತ್ತದೆ. ಆ ಮಾತು ಬಂದರೆ ಯಜಮಾನನ ಸಾವಿನ ಮಾತು ಬಂತು. ಸಂಜೆ ದೀಪ ಹಚ್ಚಿದ ಹೊತ್ತಿನಲ್ಲಿ ಅದನ್ನು ಎತ್ತುವವರು ಯಾರು? ಗದಗಿನ ಕಡೆಯ ನಿವೃತ್ತ ಹವಾಲ್ದಾರರೊಬ್ಬರು ನನಗೆ ಪರಿಚಿತರು. ಹೋದ ವರ್ಷ ಅವರ ಮನೆಯಲ್ಲಿ ಈ ಪ್ರಸ್ತಾಪ ಬಂದಾಗ ಅವರು ಕೈಯಾಡಿಸಿ, “ಇಷ್ಟ ವರ್ಷ ರೊಕ್ಕ ಬಂದಾವ, ಇನ್ನ ಮುಂದನೂ ಬರ್ತಾವ, ಬಿಡ್ರಿ” ಎಂದರು. ಒಳಗಿನಿಂದ ಚಹಾ ತಂದ ಅವರ ಮನೆಯವರು ಅಲ್ಲಿಯೇ ನಿಂತು, “ಅದರಾಗ ನನ್ನ ಹೆಸರ ಏನಂತ ಐತ್ರಿ? ಒಂದ್ಸಲ ಓದಿ ಹೇಳ್ರಿ” ಎಂದು ಕೇಳಿದರು. ಮದುವೆಯಾಗಿ ನಾಲ್ವತ್ತು ವರ್ಷದಲ್ಲಿ ಆಕೆ ಅದನ್ನು ಕೇಳಿದ್ದು ಅದೇ ಮೊದಲು.

ಟ್ರಂಕು ಬಂತು. ಓದಿ ನೋಡಿದರೆ ಇದ್ದದ್ದು ಆಕೆಯ ತವರಿನ ಹೆಸರು. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು, “ಆ ಹುಡುಗಿ ಯಾವಾಗೋ ಹ್ವಾದಳ್ರಿ” ಎಂದರು. ಹವಾಲ್ದಾರರು ನಗಲಿಲ್ಲ. ಮರುದಿನ ಬೆಳಿಗ್ಗೆ ಕಾಗದಗಳ ಚೀಲ ಹಿಡಿದು ಅವರೇ ಹೊರಟರು. ಅರ್ಜಿ, ಅಫಿಡವಿಟ್ಟು, ಹಿಂದಕ್ಕೆ ಬಂದ ಆಕ್ಷೇಪಣೆ, ಅದಕ್ಕೆ ಉತ್ತರ ಎಂದು ಎಂಟು ತಿಂಗಳು ಹಿಡಿಯಿತು. ಕೊನೆಗೆ ತಿದ್ದಿದ ಆದೇಶ ಬಂತು.

ಎಂಟು ತಿಂಗಳು ಬಹಳವೆನ್ನಬೇಡಿ. ಇದೇ ತಪ್ಪು ಅವರು ತೀರಿಕೊಂಡ ಮೇಲೆ ಹೊರಬಿದ್ದಿದ್ದರೆ ಏನಾಗುತ್ತಿತ್ತು? ‘ಇವಳೇ ಅವಳು’ ಎಂದು ಹೇಳಬಲ್ಲ ಮೊದಲನೆಯ ಸಾಕ್ಷಿಯೇ ಇಲ್ಲವಾಗಿರುತ್ತಿದ್ದರು. ಯಜಮಾನ ಬದುಕಿರುವಾಗ ಅವರ ಒಂದು ರುಜುವಿನಿಂದ ಆಗುವ ಕೆಲಸಕ್ಕೆ, ಆಮೇಲೆ ಆ ಹೆಣ್ಣುಮಗಳು ತಹಶೀಲ್ದಾರರ ಕಚೇರಿ, ಊರಿನ ಪಂಚಾಯತಿ, ಕೆಲವೊಮ್ಮೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಕುಟುಂಬ ಪಿಂಚಣಿಯ ಸಾಮಾನ್ಯ ದರ ಕೊನೆಯ ಸಂಬಳದ ಶೇಕಡ 30ರಷ್ಟು. ಅದರಿಂದಲೇ ಔಷಧ, ಅದರಿಂದಲೇ ಮಾನ. ಅಷ್ಟೇ ಅಲ್ಲ, ಆಕೆಗೆ 80 ತುಂಬಿದಾಗ ಅದರ ಮೇಲೆ ಶೇಕಡ 20 ಹೆಚ್ಚುವರಿ ಸಿಗತಕ್ಕದ್ದು. ವಯಸ್ಸು ಏರಿದಂತೆ ಇನ್ನೂ ಹೆಚ್ಚು. ದಾಖಲೆಯಲ್ಲಿ ಆಕೆಯ ಹುಟ್ಟಿದ ದಿನವೇ ಇಲ್ಲದಿದ್ದರೆ ಎಂಬತ್ತು ತುಂಬಿತೆಂದು ಹೇಳುವವರು ಯಾರು?

ಆದುದರಿಂದ ಮಾಡಬೇಕಾದ ಕೆಲಸವನ್ನು ಕ್ರಮವಾಗಿ ಹೇಳುತ್ತೇನೆ. ಮೊದಲು ಡಿಸ್ಚಾರ್ಜ್ ಪುಸ್ತಕ, ಪಿ.ಪಿ.ಓ., ಆಧಾರ್, ಪಾನ್ ಚೀಟಿ, ಬ್ಯಾಂಕಿನ ಪುಸ್ತಕ ಐದನ್ನೂ ಒಂದೇ ಚಾಪೆಯ ಮೇಲೆ ಹರಡಿ. ಗಂಡಹೆಂಡಿರ ಹೆಸರು, ಹುಟ್ಟಿದ ದಿನ, ಸೇವಾ ಸಂಖ್ಯೆ, ಪದವಿ, ಸೇವೆಯ ಅವಧಿ, ಮಕ್ಕಳ ಹೆಸರು ಇವನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ಹಳೆಯ ಆದೇಶಗಳಲ್ಲಿ ಹೆಂಡತಿಯ ಹೆಸರೇ ನಮೂದಾಗಿರದ ಉದಾಹರಣೆಗಳುಂಟು. ಹಾಗಿದ್ದರೆ ‘ಜಾಯಿಂಟ್ ನೋಟಿಫಿಕೇಶನ್’ ಎಂಬ ಸೇರ್ಪಡೆ ಆಗಬೇಕು. ಮಗ ಅಥವಾ ಮಗಳು ಅಂಗವಿಕಲರಾಗಿದ್ದು ತಾವೇ ದುಡಿದು ಬದುಕಲಾರದ ಸ್ಥಿತಿಯಲ್ಲಿದ್ದರೆ ಅವರ ಹೆಸರನ್ನು ಅವಶ್ಯವಾಗಿ ಸೇರಿಸಿಸಬೇಕು. ತಂದೆತಾಯಿಗಳ ನಂತರ ಅವರಿಗೆ ಜೀವಮಾನವಿಡೀ ಪಿಂಚಣಿ ಪಡೆಯುವ ಹಕ್ಕುಂಟು.

ವ್ಯತ್ಯಾಸ ಕಂಡಕೂಡಲೆ ಆಧಾರ್ ಕೇಂದ್ರಕ್ಕೆ ಓಡಬೇಡಿ. ಆಧಾರಿನಲ್ಲಿ ಹೆಸರನ್ನು ಎರಡು ಸಲ, ಹುಟ್ಟಿದ ದಿನವನ್ನು ಒಂದೇ ಸಲ ತಿದ್ದಿಸಲು ಸಾಮಾನ್ಯವಾಗಿ ಅವಕಾಶ. ಯಾವ ಕಾಗದ ಸರಿ, ಯಾವುದು ತಪ್ಪು ಎಂಬುದನ್ನು ಶಾಲೆಯ ದಾಖಲೆ, ಜನನಪತ್ರ, ಮದುವೆಯ ನೋಂದಣಿ ಮುಂತಾದವುಗಳಿಂದ ಮೊದಲು ನಿರ್ಧರಿಸಿಕೊಂಡು, ತಪ್ಪಿದ್ದಲ್ಲಿ ಮಾತ್ರ ತಿದ್ದಿಸಿ.

ತಪ್ಪು ದಂಡಿನ ದಾಖಲೆಯಲ್ಲಿಯೇ ಇದ್ದರೆ ರೆಕಾರ್ಡ್ ಆಫೀಸಿಗೆ ಅರ್ಜಿ. ಅದರೊಡನೆ ಪಿ.ಪಿ.ಓ. ಮತ್ತು ಡಿಸ್ಚಾರ್ಜ್ ಪುಸ್ತಕದ ಪ್ರತಿಗಳು, ಗಂಡಹೆಂಡಿರು ಕೂಡಿ ತೆಗೆಸಿದ ಫೋಟೋ, ಎರಡು ಹೆಸರೂ ಒಬ್ಬಾಕೆಯದೇ ಎಂಬ ಅಫಿಡವಿಟ್ಟು ಇವನ್ನು ಸಾಮಾನ್ಯವಾಗಿ ಕೇಳುತ್ತಾರೆ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕಳಿಸಿದರೆ ಕಾಗದಕ್ಕೆ ಬಲವುಂಟು. ಊರಿನ ಜಿಲ್ಲೆಯಲ್ಲಿ ಹೆಸರು ನೋಂದಾಯಿಸಿ ಇಲ್ಲಿಗೆ ಬಂದು ನೆಲೆಸಿದವರು ನೋಂದಣಿಯನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಪ್ರತಿ ಸಲವೂ ಗದಗಿಗೋ ವಿಜಯಪುರಕ್ಕೋ ಬಸ್ಸು ಹತ್ತುವ ಕಾರಣವಿಲ್ಲ. ರೆಕಾರ್ಡ್ ಆಫೀಸು ಒಪ್ಪಿದ ಮೇಲೆ ಪಿಂಚಣಿಯ ಲೆಕ್ಕದ ಕಚೇರಿ ತಿದ್ದುಪಡಿ ಆದೇಶ ಹೊರಡಿಸುತ್ತದೆ. ಭೂಸೇನೆಯವರಿಗೆ ಅದು ಪ್ರಯಾಗರಾಜದಲ್ಲಿದೆ. ಈಗ ಇವೆಲ್ಲ ‘ಸ್ಪರ್ಶ್’ ಎಂಬ ಗಣಕ ವ್ಯವಸ್ಥೆಯೊಳಗೆ ಬಂದಿರುವುದರಿಂದ, ಮಕ್ಕಳ ನೆರವಿದ್ದರೆ ಮನೆಯಲ್ಲಿ ಕುಳಿತೇ ದಾಖಲೆ ನೋಡಬಹುದು, ತಿದ್ದುಪಡಿ ಕೋರಬಹುದು. ಹಳೆಯ ವಿವರಗಳನ್ನು ಈ ವ್ಯವಸ್ಥೆಗೆ ಸಾಗಿಸಿದಾಗ ಹೊಂದದೆ ಉಳಿದ ಹೆಸರುಗಳು ಅನೇಕ. ನಿಮ್ಮದು ಅವುಗಳಲ್ಲಿ ಒಂದೇ ಎಂದು ಒಮ್ಮೆ ನೋಡಿಕೊಳ್ಳಿ. ರೆಕಾರ್ಡ್ ಆಫೀಸು ನಿರಾಕರಿಸಿದರೆ ಅದನ್ನು ಬರಹದಲ್ಲಿ ಪಡೆಯಿರಿ. 2007ರ ಕಾಯಿದೆಯಂತೆ ಏರ್ಪಟ್ಟ ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2009ರಿಂದ ಕೆಲಸ ಮಾಡುತ್ತಿದೆ. ಅಂತಿಮ ಉತ್ತರ ಬಂದ ಆರು ತಿಂಗಳೊಳಗೆ ಅಲ್ಲಿಗೆ ಹೋಗಬಹುದು.

ಸಿಪಾಯಿಯ ಸ್ವಂತ ಹುಟ್ಟಿದ ದಿನದ ತಪ್ಪು ಮಾತ್ರ ಬಹಳ ಗಟ್ಟಿಯಾದ ಗಂಟು. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ. ಕೆ. ಸಿಂಗ್ ಅವರ ಪ್ರಕರಣವನ್ನು ವಾಚಕರು ಮರೆತಿರಲಾರರು. ಇಲ್ಲಿಯೇ ಖಡಕವಾಸಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರಲು ಹುಡುಗತನದಲ್ಲಿ ತುಂಬಿದ ಅರ್ಜಿಯಲ್ಲಿ ಹುಟ್ಟಿದ ವರ್ಷ 1950 ಎಂದಿತ್ತು. ಶಾಲೆಯ ಪ್ರಮಾಣಪತ್ರದಲ್ಲಿ 1951. ಸೇನೆಯ ಎರಡು ಶಾಖೆಗಳು ಎರಡು ವರ್ಷಗಳನ್ನು ದಶಕಗಟ್ಟಲೆ ಇಟ್ಟುಕೊಂಡಿದ್ದವು. ಸರ್ಕಾರ 1950 ಎಂದಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು; ಫೆಬ್ರುವರಿ 2012ರಲ್ಲಿ ಅರ್ಜಿಯನ್ನು ಹಿಂತೆಗೆದುಕೊಳ್ಳಬೇಕಾಯಿತು; ಅದೇ ವರ್ಷ ಮೇ 31ರಂದು ನಿವೃತ್ತರಾದರು. ಸೇನಾಪತಿಗೇ ಹೀಗಾದ ಮೇಲೆ ಹವಾಲ್ದಾರನ ಪಾಡೇನು? ಇಂದು ಸೇವೆಯಲ್ಲಿರುವ ಮಕ್ಕಳು ನೌಕರಿಯ ಮೊದಲ ವರ್ಷಗಳಲ್ಲಿಯೇ ಇದನ್ನು ನೋಡಿಕೊಳ್ಳಲಿ.

ಇನ್ನೊಂದು ಮಾತು. ಮೂಲ ಕಾಗದಗಳನ್ನು ಯಾರ ಕೈಗೂ ಕೊಡಬೇಡಿ, ಪ್ರತಿ ಕೊಡಿ. ಅಮೆರಿಕದ ಸೇಂಟ್ ಲೂಯಿಸ್ ಪಟ್ಟಣದಲ್ಲಿದ್ದ ಅಲ್ಲಿಯ ಸೈನಿಕರ ದಾಖಲೆಗಳ ಕಟ್ಟಡಕ್ಕೆ 1973ರ ಜುಲೈ 12ರಂದು ಬೆಂಕಿ ಬಿದ್ದು, ಸುಮಾರು 160ರಿಂದ 180 ಲಕ್ಷ ಕಡತಗಳು ಸುಟ್ಟುಹೋದವು. ಪ್ರತಿಗಳಿರಲಿಲ್ಲ. ಆಮೇಲೆ ಅಲ್ಲಿಯ ವೃದ್ಧ ಸೈನಿಕರ ಸೇವೆಯನ್ನು ಮತ್ತೆ ರುಜುವಾತುಪಡಿಸುವಾಗ ನೆರವಿಗೆ ಬಂದವುಗಳಲ್ಲಿ ಅವರವರ ಮನೆಗಳಲ್ಲಿ ಉಳಿದಿದ್ದ ಬಿಡುಗಡೆಯ ಪತ್ರಗಳೂ ಇದ್ದವು. ಟ್ರಂಕಿನ ತಳದ ಕಾಗದವನ್ನು ಹಗುರವಾಗಿ ಎಣಿಸಬಾರದು.

ಮಗನೋ ಮಗಳೋ ಸೊಸೆಯೋ, ಈ ಪುಟವನ್ನು ಓದುತ್ತಿರುವ ನೀವೇ ಈ ಮಾತನ್ನು ತೆಗೆಯಿರಿ. ‘ಅಪ್ಪಾ, ನೀವು ಸತ್ತರೆ’ ಎಂದು ಆರಂಭಿಸಬೇಕಾಗಿಲ್ಲ. ‘ಅಪ್ಪಾ, ಅಮ್ಮನ ಹೆಸರು ಸರಿಯಾಗಿದೆಯೇ ನೋಡೋಣ’ ಎಂದರೆ ಸಾಕು. ಯಾವ ಗಂಡಸೂ ಅದಕ್ಕೆ ಬೇಡವೆನ್ನಲಾರ. ಅರ್ಜಿ ಬರೆಯಲು ಕೈಯಾಸರೆ ಬೇಕಾದವರು ಭಾನುವಾರ ಬೆಳಿಗ್ಗೆ ಸಂಘದ ವಾಚನಾಲಯಕ್ಕೆ ಬರಬಹುದು. ಕಾಗದಗಳ ಪ್ರತಿ ತನ್ನಿ; ಸಾಧ್ಯವಾದರೆ ಮನೆಯಾಕೆಯನ್ನೂ ಕರೆತನ್ನಿ. ಹೆಸರು ಅವರದು, ಅದನ್ನು ಹೇಗೆ ಬರೆಯಬೇಕೆಂಬುದನ್ನು ಅವರೇ ಹೇಳಲಿ.